ನೋಡಿಕೊಳ್ಳುವ ಕೆಲಸ

ಆದಿವಾಲದ ಆಚೆ ಗುಡ್ಡದಲ್ಲಿ ಒಂದು ಚಾಚುಬಂಡೆ. ಅದರಡಿ ಸಾವಿರಾರು ವರ್ಷಗಳ ಹಿಂದೆ ಯಾರೋ ಕೆಮ್ಮಣ್ಣಿನಲ್ಲಿ ಬರೆದ ಹದಿನಾಲ್ಕು ಗೂಳಿಗಳಿವೆ. ಕಾವಲುಗಾರನೆಂದು ಕಾಗದದಲ್ಲಿರುವುದು ಉಗ್ರಪ್ಪನ ಹೆಸರು. ಮಂಡಿನೋವೆಂದು ಅವನು ಗುಡ್ಡ ಹತ್ತದೆ ಆರು ವರ್ಷವಾಯಿತು. ಟೀ ಅಂಗಡಿಯವರೆಗೆ ಮಾತ್ರ ಆ ಮಂಡಿ ನೋಯುವುದಿಲ್ಲ. ಮನೆ ಗುಡಿಸಿ, ಮುದ್ದೆ ತಿರುವಿ, ಕುರಿ ಹೊಡೆದುಕೊಂಡು ಬಂದು ಬಂಡೆ ಕಾಯುವವಳು ಅವನ ಹೆಂಡತಿ ಜುಂಜಮ್ಮ. ದಿನದಲ್ಲಿ ಅವಳಿಗೆ ಕೂರಲು ಸಿಗುವುದು ಆ ನೆರಳೊಂದೇ. ಅಲ್ಲಿ ಯಾರೂ ಅವಳನ್ನು ಏನೂ ಕೇಳುವುದಿಲ್ಲ.

ಪುರಾತತ್ವ ಇಲಾಖೆಯ ಹೇಮಾವತಿ ಫೋನು ಮಾಡಿ, ನಾಡಿದ್ದು ಬರುತ್ತೇನೆ, ಚಿತ್ರಗಳನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ ತಾನೆ ಎಂದು ಕೇಳಿದರಂತೆ. ಉಗ್ರಪ್ಪ ಆ ಮಾತನ್ನು ಹಾಗೇ ಹೆಂಡತಿಗೆ ದಾಟಿಸಿದ. ಅತ್ತೆಯನ್ನು ನೋಡಿಕೊಳ್ಳುವುದೆಂದರೆ ಮೈ ತೊಳೆಸುವುದು. ಮನೆ ನೋಡಿಕೊಳ್ಳುವುದೆಂದರೆ ಸಾರಿಸುವುದು. ಕೈ ಒದ್ದೆಯಾಗದೆ ಏನನ್ನಾದರೂ ನೋಡಿಕೊಂಡದ್ದು ಜುಂಜಮ್ಮನಿಗೆ ನೆನಪಿಲ್ಲ. ಕೊಡ ನೀರು ಹೊತ್ತು ಹತ್ತಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ಬಂಡೆ ಉಜ್ಜಿದಳು. ಎರಡನೆಯ ಗೂಳಿ ಮುಗಿಯುವಾಗ ನಾರು ಕೆಂಪಾಗಿತ್ತು. ಕೈ ನಿಂತಿತು.

ಹೇಮಾವತಿ ಬಂದು ಎಣಿಸಿದರು. ಹನ್ನೆರಡೇ ಇದ್ದವು. ಅಂದು ಕೋಲೂರಿಕೊಂಡು ಬಂದಿದ್ದ ಉಗ್ರಪ್ಪ, ತಾನು ಇಲ್ಲಿಗೆ ಬರುವುದೇ ಇಲ್ಲ, ಎಲ್ಲ ಇವಳದೇ ಎಂದ. ಆರು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಅವಳ ಕೆಲಸ ಅವಳದಾಯಿತು.

"ನೋಡ್ಕೊಳ್ಳಿ ಅಂದ್ರೆ ಮುಟ್ಟಬೇಡಿ ಅಂತಮ್ಮ. ಬಂಡೆ ಹತ್ರ ನೀರೇ ತರಬಾರದು," ಎಂದರು ಹೇಮಾವತಿ.

"ಹಂಗಂತ ಯಾರೂ ಹೇಳ್ಲಿಲ್ಲ ಮೇಡಂ. ಕೈಕಟ್ಕಂಡು ಕುಂತ್ಕಳೋ ಕೆಲ್ಸ ನಂಗ್ಯಾವತ್ತು ಯಾರ್ ಕೊಟ್ಟವ್ರೆ?"

ಹೇಮಾವತಿ ಚೀಲದಿಂದ ವರದಿಯ ಹಾಳೆ ತೆಗೆದರು. ಆಮೇಲೆ, ಇನ್ನು ಮೇಲೆ ಹೆಸರಿದ್ದವನೇ ಬಂದು ಕೂರಬೇಕು, ಇಲ್ಲವಾದರೆ ಬೇರೆಯವರನ್ನು ಹಾಕುತ್ತೇವೆ ಎಂದರು. ಜುಂಜಮ್ಮ ನೆರಳಿನ ಕಡೆ ನೋಡಿದಳು.

"ನನ್ ಹೆಸ್ರೇ ಬರ್ಕಳ್ರಿ. ಮುಟ್ಟಲ್ಲ. ಬರೀ ನೋಡ್ತೀನಿ."

ಅದಕ್ಕೆ ಮೇಲಿನವರನ್ನು ಕೇಳಬೇಕಂತೆ. ಹಾನಿಯ ವರದಿಯಲ್ಲಿ ಮಾತ್ರ ಅವಳ ಹೆಸರನ್ನು ಅಲ್ಲೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರುದಿನದಿಂದ ಉಗ್ರಪ್ಪ ಬಂಡೆಯಡಿ ಕೂರುತ್ತಾನೆ. ಕೆಲಸ ಹೋಗುತ್ತದೆಂದಾಗ ಮಂಡಿ ಒಪ್ಪಿತು. ಮಧ್ಯಾಹ್ನ ಅವನ ಊಟ ಹೊತ್ತು ಜುಂಜಮ್ಮ ಹತ್ತಬೇಕು. ಮೊದಲ ದಿನ ಬಿಸಿಲಲ್ಲೇ ನಿಂತು ಬುತ್ತಿ ಇಟ್ಟಳು. ಅವನು ಗಂಟು ಬಿಚ್ಚಿ ಕುಡಿಯಲು ನೀರೆಲ್ಲಿ ಎಂದ.

"ಬಂಡೆ ತಾವ ನೀರು ತರಬಾರ್ದಂತೆ," ಎಂದು ಅವಳು ಕುರಿಗಳತ್ತ ಇಳಿದಳು.