ಉಬ್ಬಿದ ಗೆರೆ

ಜಯನಗರಕ್ಕೆ ಅಂಟಿದ ಸಿದ್ದಾಪುರದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಕಾರ್ಖಾನೆಯಲ್ಲಿ ಅಚ್ಚು ಕೆತ್ತಿ ನಿವೃತ್ತರಾದವರು. ಚಿಲ್ಲರೆ ಕೈಗೆ ಬಂದರೆ ಮೊದಲು ಹೆಬ್ಬೆರಳ ಉಗುರಿನಿಂದ ಸವರುತ್ತಿದ್ದರು. "ಕಣ್ಣು ಸುಳ್ಳು ಹೇಳತ್ತೆ, ಉಗುರು ಹೇಳಲ್ಲ" ಎನ್ನುವರು. ಗೆರೆ ತಗ್ಗಾಗಿದ್ದರೆ ಆಮೇಲೆ ಯಾರೋ ಗೀಚಿದ್ದು. ಉಬ್ಬಿದ್ದರೆ ನಾಣ್ಯ ಒತ್ತಿದ ಅಚ್ಚೇ ಸೀಳಿ, ಆ ಬಿರುಕಿನೊಳಕ್ಕೆ ಲೋಹ ನುಗ್ಗಿತ್ತು ಎಂದರ್ಥ.

ಅವರ ಬಳಿ ಒಂದು ಐದು ರೂಪಾಯಿ ನಾಣ್ಯವಿತ್ತು. ಅಂಕಿಯಿಂದ ಅಂಚಿನವರೆಗೆ ಕೂದಲೆಳೆಯಷ್ಟು ಉಬ್ಬುಗೆರೆ. ಆಂಟಿ ನಂಬುತ್ತಿರಲಿಲ್ಲ. "ಯಾರೋ ಗಮ್ ಮೆತ್ತಿದಾರೆ ಅಷ್ಟೆ. ಇವ್ರಿಗೆ ಎಲ್ಲದರಲ್ಲೂ ಫ್ಯಾಕ್ಟ್ರಿನೇ ಕಾಣ್ಸತ್ತೆ!" ಅಂಕಲ್ ಮುಖ ಸಣ್ಣದಾಗುತ್ತಿತ್ತು. ಒಂದೇ ಅಚ್ಚು ಸಾವಿರಾರು ನಾಣ್ಯ ಒತ್ತುತ್ತದೆ. ಅದೇ ಜಾಗದಲ್ಲಿ ಅದೇ ಗೆರೆಯ ಇನ್ನೊಂದು ಸಿಕ್ಕರೆ ಅವರ ಮಾತು ಗೆದ್ದಂತೆ.

ಅದು ನನಗೇ ಸಿಕ್ಕಿತು, ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಹೂವಿನಾಕೆ ಕೊಟ್ಟಳೋ ಆಟೋದವನೋ, ನೆನಪು ಈಗ ಎರಡನ್ನೂ ಹೇಳುತ್ತದೆ. ಮನೆಯವರೆಗೂ ಮುಷ್ಟಿ ಬಿಚ್ಚಲಿಲ್ಲ.

ಅಂಕಲ್ ಎರಡನ್ನೂ ಅಕ್ಕಪಕ್ಕ ಇಟ್ಟು ಉಗುರು ಆಡಿಸಿದರು. "ಲೇ, ಬಾರೇ ಇಲ್ಲಿ! ಒಂದೇ ಅಚ್ಚು ಕಣೇ!"

ಆಂಟಿ ಕನ್ನಡಕ ಏರಿಸಿ, ತಾವೂ ಉಗುರಿನಿಂದ ಸವರಿ, "ಹೌದಲ್ರೀ!" ಎಂದರು.

ನಾನು ಕುಣಿಯುವುದೊಂದು ಬಾಕಿ. ಅಂಕಲ್ ಮಾತ್ರ ಇದ್ದಕ್ಕಿದ್ದಂತೆ ಮೆತ್ತಗಾಗಿ, "ಪಾಪ, ಆ ಅಚ್ಚು ನೋಡ್ಕೊಳ್ತಿದ್ದವನು ಅವತ್ತು ಎಷ್ಟು ಬೈಸ್ಕೊಂಡನೋ" ಎಂದರು.