ಒಪ್ಪಿಗೆಗೆ ಮೊದಲು ಹಚ್ಚಿದ ಸುಣ್ಣ

ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಮೂರೂ ಊರುಗಳ ಶಾಲೆಗಳಲ್ಲಿ ಕಲಿಸಿ, ಮೂರೂ ಕಡೆ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಸಿಂದಗಿಗೆ ವರ್ಗವಾಗಿ ಬಂದೆ. ಗೋಡೆಗೊಂದು ಮೊಳೆ ಹೊಡೆಯಲೂ ಮಾಲೀಕರ ಮುಖ ನೋಡುವ ಬದುಕು ಸಾಕಾಗಿತ್ತು. ಯಾರನ್ನೂ ಕೇಳದೆ ಮೊಳೆ ಹೊಡೆಯುವಂಥ ನಾಲ್ಕು ಗೋಡೆ ನನಗೆ ಬೇಕಿತ್ತು.

ಅಂಥದೊಂದು ಮನೆ ಸಿಕ್ಕಿತು. ಅಂಗಳದಲ್ಲಿ ಕರಿಬೇವಿನ ಗಿಡ, ಒಳಗೆ ತಂಪು. ಮಾಲೀಕರ ಬಟ್ಟೆ ಅಂಗಡಿ ಮುಳುಗಿ, ಮನೆಯ ಮೇಲಿನ ಸಾಲ ಮನೆಯ ಬೆಲೆಯನ್ನೇ ಮೀರಿತ್ತು. ಮನೆ ಮಾರಿ ಬಂದಷ್ಟಕ್ಕೇ ಬ್ಯಾಂಕು ಒಪ್ಪಿ, ಉಳಿದ ಸಾಲ ಬಿಟ್ಟು, ಕಾಗದಪತ್ರ ಕೊಟ್ಟರೆ ಅವರಿಗೆ ಬಿಡುಗಡೆ, ನನಗೆ ಮನೆ. ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವನು ಬಂದು, ಉದುರುವ ಗಾರೆ ನೋಡಿ, ಕಡಿಮೆ ಬೆಲೆ ಬರೆದುಕೊಂಡು ಹೋದ. ಅಷ್ಟು ಕೊಡಲು ನಾನು ತಯಾರಿದ್ದೆ. ಮಾಲೀಕರೂ ನಾನೂ ಎಲೆ ಅಡಿಕೆ ಬದಲಿಸಿಕೊಂಡೆವು. ನಮ್ಮ ಕಡೆ ಅಷ್ಟಾದರೆ ವ್ಯವಹಾರ ಮುಗಿದಂತೆ. ಬ್ಯಾಂಕಿಗೆ ಮಾತ್ರ ಎಲೆ ಅಡಿಕೆಯ ಗೊಡವೆ ಇರಲಿಲ್ಲ.

ಒಪ್ಪಿಗೆಗಾಗಿ ಫೈಲು ವಿಜಯಪುರದ ದೊಡ್ಡ ಕಚೇರಿಗೆ ಹೋಯಿತು. ಬೇಸಿಗೆ ಕಳೆಯಿತು, ಮಳೆಗಾಲವೂ ಬಂತು. ಶನಿವಾರ ಶಾಲೆ ಬಿಟ್ಟ ಕೂಡಲೇ ಬ್ಯಾಂಕಿಗೆ ಹೋಗಿ ಕೂರುತ್ತಿದ್ದೆ. ಮ್ಯಾನೇಜರ್, ಒಪ್ಪಿಗೆ ಮೇಲಿನಿಂದ ಬರಬೇಕು ಎನ್ನುತ್ತಿದ್ದ. ಮಳೆಯ ಬಗ್ಗೆಯೂ ನಮ್ಮಲ್ಲಿ ಹಾಗೆಯೇ ಹೇಳುತ್ತಾರೆ. ಅವನಿಗೆ ವರ್ಗವಾಗಿ ಹೊಸಬ ಬಂದ, ಕೊಟ್ಟ ಕಾಗದಗಳನ್ನೇ ಮತ್ತೆ ಕೇಳಿದ. ದೇವರು ವರ ಕೊಟ್ಟರೂ ಪೂಜಾರಿ ಬಿಡ. ಮನೆಗೆ ಬಂದು ನಾನು ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ದಸರೆ ಹತ್ತಿರವಾಯಿತು. ಮಾಲೀಕರ ಹೆಂಡತಿಯನ್ನು ನಾನು ಅತ್ತಿಗೆಯೆಂದು ಬಗೆದು ವೈನಿ ಎನ್ನುತ್ತಿದ್ದೆ. ಆಕೆ ಒಂದು ದಿನ, "ಹೊಲಸ ಮನಿ ಯಾರ ಕೈಯಾಗೂ ಕೊಡಬಾರದ್ರಿ ಅಕ್ಕೋರ. ನಿಮಗ ಕೊಡೂ ಮುಂದ ಒಮ್ಮಿ ಸುಣ್ಣಾ ಹಚ್ಚತೇನಿ" ಅಂದರು.

ಬರೀ ಸುಣ್ಣ ಯಾಕೆ ಎಂದವಳು ನಾನು. ಗೌಂಡಿಯನ್ನು ಕರೆಸಿ ಗಾರೆ ಮೆತ್ತಿಸಿದೆ, ಬಣ್ಣದ ಡಬ್ಬಿಗಳನ್ನು ಹೊತ್ತು ತಂದೆ. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಎರಡು ದಿನ ಬಳಿದೆವು. ಅಡುಗೆಮನೆಗೆ ತಿಳಿಹಸಿರು. ಆ ಸಂಜೆ ಕೈಗೆ ಹತ್ತಿದ ಹಸಿರನ್ನು ತೊಳೆಯಲು ನನಗೆ ಮನಸ್ಸೇ ಬರಲಿಲ್ಲ.

ದಸರೆ ಮುಗಿದ ವಾರದಲ್ಲೇ ಹೊಸ ಮ್ಯಾನೇಜರ್ ಮೊದಲು ಕಟ್ಟಿದ ಬೆಲೆ ಹಳತಾಯಿತೆಂದು ಮತ್ತೆ ಬೆಲೆ ಕಟ್ಟುವವನನ್ನು ಕಳಿಸಿದ. ಬಂದವನು ಗೋಡೆ ಸವರಿ ನೋಡಿ ಬೆಲೆ ಏರಿಸಿ ಬರೆದ. ಮೊದಲಿನ ಬೆಲೆಗೆ ಕೇಳಿದ್ದ ನನ್ನ ಅರ್ಜಿ ತಿರುಗಿ ಬಂತು. ಬಣ್ಣ ಹಚ್ಚಿದವಳು ನಾನೇ ಎಂದು ಬ್ಯಾಂಕಿಗೆ ಹೋಗಿ ಜಗಳಕ್ಕೇ ನಿಂತೆ.

"ಯಾರರೆ ಹಚ್ಚಲಿ ಅಕ್ಕೋರ, ಮನಿ ಈಗ ಚಲೋ ಐತಿ" ಎಂದ ಮ್ಯಾನೇಜರ್. "ಕಡಿಮಿಗಿ ಬಿಟ್ರ ನಾಳೆ ನನ್ನ ಕೇಳ್ತಾರ."

ಅಷ್ಟು ಬೆಲೆ ನನ್ನ ಕೈಗೆ ಎಟುಕದ್ದು. ಮನೆ ಹರಾಜಾಯಿತು, ಬೇರೆ ಯಾರೋ ಹಿಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಳು ಎಂದು ಶಾಲೆಯಲ್ಲಿ ನಕ್ಕರು. ನಾನು ಮಾತ್ರ ಒಳಗೊಳಗೇ ವೈನಿಯನ್ನು ಬೈಯುತ್ತಿದ್ದೆ. ಅವರಿಗೆ ಸುಣ್ಣದ ನೆನಪು ಯಾಕೆ ಬರಬೇಕಿತ್ತು? ತಿಂಗಳುಗಟ್ಟಲೆ ಬೈದೆ.

ಮೊನ್ನೆ ಬಸ್ ನಿಲ್ದಾಣದಲ್ಲಿ ಅವರು ಸಿಕ್ಕರು. ಈಗ ಆಲಮೇಲದಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಂತೆ. ನೋಡಿಯೂ ನೋಡದಂತೆ ಹೋಗಬೇಕೆಂದಿದ್ದೆ. ಅವರೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನಾ ಸುಣ್ಣದ ಮಾತ ಎತ್ತದಿದ್ರ, ಇಷ್ಟೊತ್ತಿಗೆ ನೀವು ಆ ಮನ್ಯಾಗ ಇರತಿದ್ರಿ" ಅಂದರು. "ನಿಮ್ಮ ಮನಿ ನಾನ ಕಳದೆ, ಅಕ್ಕೋರ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲೇ ಬಾಳಿದವರು ಅವರು. ಅದನ್ನು ನನ್ನ ಮನೆ ಎಂದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಸುಣ್ಣದಿಂದ ಬೆಲೆ ಏರಲಿಲ್ಲ ವೈನಿ, ಗೌಂಡಿಯನ್ನು ಕರೆಸಿದವಳು ನಾನು, ಡಬ್ಬಿ ತಂದವಳು ನಾನು ಎಂದು ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಆಲಮೇಲದ ಬಸ್ ಬಂತು, ಅವರು ನನ್ನ ಕೈ ಬಿಟ್ಟು ಸೀಟು ಹಿಡಿಯಲು ಓಡಿದರು.