ಅವ್ವ ಮುಚ್ಚಿಟ್ಟ ಗಂಟು

ಮಿರಜಿನ ಹತ್ತಿರದ ಆರಗದಲ್ಲೇ ಬಾಳಿದ ಅವ್ವನಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಸಂತೆಗೆ ಅಷ್ಟು ಸಾಕಾಗುತ್ತಿತ್ತು. ದವಾಖಾನೆಗೆ ಮಾತ್ರ ನಾನು ಜೊತೆಗೆ ಹೋಗಬೇಕಿತ್ತು.

ಆ ಸಲ ಮರಾಠಿ ಬರುವ ನನ್ನ ಹೆಂಡತಿಯೂ ಬಂದು ಹೊರಗೆ ಕುಳಿತಿದ್ದಳು. ಮಿರಜಿನ ಡಾಕ್ಟರರು ಎಲ್ಲಿ ನೋವು ಎಂದು ಮರಾಠಿಯಲ್ಲಿ ಕೇಳಿದಾಗ ಅವ್ವ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೊಟ್ಟಿ ನೋಯ್ತದ ಅಂತ ಹೇಳು" ಎಂದಳು. ಹಾಗೆಯೇ ಹೇಳಿದೆ. ಬೇರೆ ಏನಾದರೂ ಇದೆಯೇ ಎಂದು ಅವರು ಕೇಳಿದರು. "ಏನಿಲ್ಲ ಅನ್ನು." ಅದನ್ನೂ ಹೇಳಿದೆ. ಮಲಗಿಸಿ ನೋಡುವಾಗ ಅವಳು ಸೀರೆಯನ್ನು ಹೊಕ್ಕುಳಿನಿಂದ ಕೆಳಗೆ ಸರಿಯಗೊಡಲಿಲ್ಲ. ಗ್ಯಾಸಿನ ಗುಳಿಗೆ ತೆಗೆದುಕೊಂಡು ಬಸ್ಸು ಹತ್ತಿದೆವು.

ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ ಅವಳಿಗೆ ವಾಂತಿ ಹತ್ತಿತು, ನಿಲ್ಲಲೇ ಇಲ್ಲ. ಹೊಟ್ಟೆ ಉಬ್ಬಿ ಬಿಗಿದಿತ್ತು. ಗಾಡಿ ಮಾಡಿ ಮತ್ತೆ ಮಿರಜಿಗೆ ಒಯ್ದೆವು. ಅವಳನ್ನು ಒಳಗೆ ಕರೆದೊಯ್ದ ಕೂಡಲೇ ನನ್ನ ಹೆಂಡತಿ ಅಳತೊಡಗಿದಳು.

"ಅತ್ತಿಯವರ ತೊಡಿ ಸಂದ್ಯಾಗ ಗಂಟು ಐತ್ರಿ. ವರ್ಷ ಆತು. ಮಗನ ಮುಂದ ಹೆಂಗ ಹೇಳ್ಲಿ ಅಂತ ನನಗ ಆಣಿ ಹಾಕಿದ್ರು."

ಹರ್ನಿಯಾ. ಕರುಳು ಅದರಲ್ಲಿ ಸಿಕ್ಕಿಕೊಂಡು ಕೊಳೆತಿತ್ತು. ಹೊಟ್ಟೆ ಕೊಯ್ದು ಕೊಳೆತಷ್ಟನ್ನು ತೆಗೆದರು. ಮೊದಲೇ ತಿಳಿದಿದ್ದರೆ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾದ ದುರ್ಬೀನು ಇಳಿಸಿ, ಸಂದು ಮುಚ್ಚಲು ಒಳಗಿನಿಂದ ಬಲೆಯಂಥ ಜಾಳಿ ಕೂಡ್ರಿಸಿ ಮರುದಿನ ಮನೆಗೆ ಕಳಿಸುತ್ತಿದ್ದೆವು ಎಂದರು ಡಾಕ್ಟರರು. ಈಗ ನಂಜು ಹರಡಿದೆ, ಜಾಳಿ ಇಡಲು ಬರುವುದಿಲ್ಲ ಎಂದರು. ನಾಲ್ಕನೆಯ ದಿನ ಅವ್ವ ಹೋದಳು. ಹಿಂದಿನ ದಿನ ಎಚ್ಚರವಾದಾಗ ಅವಳು ಆಡಿದ್ದು ಒಂದೇ ಮಾತು: "ನಿನಗ ಭಾಳ ತ್ರಾಸ ಆತಲ್ಲೋ."

ಆ ಮೊದಲ ಸಲ ಒಂದು ನಿಮಿಷ ನಾನು ಹೊರಗೆ ಹೋಗಿ ಹೆಂಡತಿಯನ್ನು ಒಳಗೆ ಕಳಿಸಬಹುದಿತ್ತು. ನನಗದು ಹೊಳೆಯಲೇ ಇಲ್ಲ.

ಮರುವರ್ಷ ಹರಿಪುರದಿಂದ ಅವ್ವನ ತಂಗಿ, ನಮ್ಮ ಮಾವಶಿ, ಫೋನು ಮಾಡಿದಳು. "ನನಗೂ ಅಲ್ಲೇ ಗಂಟು ಬಂದೈತಿ. ನಾಚಿಕಿ ಗೀಚಿಕಿ ಏನಿಲ್ಲ, ಕರ್ಕೊಂಡು ಹೋಗು."

ಆಪರೇಶನ್ನಿಗೆ ಮುಂಚೆ ಡಾಕ್ಟರರು ಜಾಳಿಯ ಒಂದು ತುಂಡು ನಮ್ಮ ಕೈಗೆ ಕೊಟ್ಟು ತೋರಿಸಿದರು. ಅಂಗೈಗಿಂತ ತುಸು ದೊಡ್ಡದು, ಸೊಳ್ಳೆಪರದೆಯಂಥದ್ದು. ತೂಕವೇ ಇರಲಿಲ್ಲ. ಮರುದಿನ ಮಾವಶಿ ತಾನೇ ನಡೆದು ಬಂದು ರಿಕ್ಷಾದಲ್ಲಿ ಕುಳಿತಳು.

"ಅಕ್ಕಗೂ ಇಷ್ಟರಾಗ ಮುಗೀತಿತ್ತೇನೋ?"

"ಹೂಂ ಮಾವಶಿ. ಇಷ್ಟರಾಗ."

ಅವಳು ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಹರಿಪುರದ ತನಕ ಅತ್ತಳು.